ಅಮ್ಮತ್ತಿಯ ಚೀಸಿಗೊಂದು ಹೊದಿಕೆ

ಗೋಣಿಕೊಪ್ಪದ ನನ್ನ ಅಂಗಡಿಯಲ್ಲಿ
ಇಷ್ಟು ವರ್ಷ ಮಾಡಿದ್ದು ಮದುವೆ ಕಾಗದ, ಹಾಕಿ ಪಂದ್ಯದ ಬ್ಯಾನರು,
ಜೇನಿನ ಬಾಟಲಿಗೆ ಜೇನುಹುಳ, ವೈನಿಗೆ ದ್ರಾಕ್ಷಿ,
ಒಳಗಿರುವುದು ನೆಲ್ಲಿಕಾಯಿಯಾದರೂ.
ಹಾಗಾಗಿ ದೇಚಕ್ಕ ಬಂದು
ಬಟ್ಟೆಯಲ್ಲಿ ಸುತ್ತಿದ ಒಂದು ಗುಂಡನೆಯ ಭಾರವನ್ನು
ಕೀಬೋರ್ಡಿನ ಪಕ್ಕ ಇಟ್ಟಾಗ
ನಾನು ಕೇಳಿದ್ದು ಇಷ್ಟೇ:
ಹಸುವಿನ ಚಿತ್ರ ಎಡಕ್ಕೋ ಬಲಕ್ಕೋ?

"ಮೊದಲು ತಿನ್ನು," ಅಂದರು.

ತಿಂದೆ. ಸಿಪ್ಪೆಯಲ್ಲಿ ಕಾಚಂಪುಳಿಯ ಕಪ್ಪು ಹುಳಿ,
ಒಳಗೆ ಮೊಸರೂ ಅಲ್ಲದ ಬೆಣ್ಣೆಯೂ ಅಲ್ಲದ ಏನೋ ಒಂದು,
ತಡವಾಗಿ ಬಂದು ಬೇಗ ಏಳದ ನೆಂಟ.
ವಾಸನೆ ಮಾತ್ರ ನಮ್ಮಜ್ಜನ ಗಂಬೂಟಿನದು.
ನಾನು ಹೇಳಲಿಲ್ಲ. ಅವರೇ ಹೇಳಿದರು.

ಹೆಸರಿಗೆ ಒಂದು ವಾರ ಹೋಯಿತು.
ನಿಘಂಟು ತೆಗೆದರೆ ಗಿಣ್ಣು ಅಂತಿದೆ.
"ಗಿಣ್ಣು ಕರು ಹುಟ್ಟಿದ ಎರಡು ದಿನದ್ದು.
ಇದು ನಲವತ್ತು ದಿನ ಕತ್ತಲಲ್ಲಿ ಕೂತದ್ದು.
ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ, ಸರಿ,
ಇಬ್ಬರನ್ನೂ ಒಂದೇ ಸಲ ಊಟಕ್ಕೆ ಕೂಗುತ್ತೇವಾ?"
ಆಗಲಿ, ಚೀಸ್.
ಕನ್ನಡ ಅಕ್ಷರದಲ್ಲಿ, ಚ-ಕಾರದ ಹೊಟ್ಟೆ ತುಸು ದಪ್ಪಗೆ.

ಅವರ ತಂಗಿಯ ಮಗ ಮೊಣ್ಣಪ್ಪ ಫೋನಿನಲ್ಲಿ:
ಆನೆ ಹಾಕಿ. ಕೊಡಗು ಅಂದರೆ ಆನೆ, ಮಂಜು, ಪೀಚೆಕತ್ತಿ.
ಹಾಕಿ ನೋಡಿದೆ. ಆನೆಯ ಬೆನ್ನ ಮೇಲೆ ಚೀಸು
ದಸರೆಗೆ ಹೊರಟು ನಿಂತಿತು.
ದೇಚಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು,
"ತೋಟದಲ್ಲಿ ಇರುವುದು ಸಾಲದಾ?"
ಅಳಿಸಿದೆ.

ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ.
ಮೇಣದ ಕಾಗದದಲ್ಲಿ ಉಸಿರಾಡುತ್ತದೆ, ಆದರೆ ಅಂಟು ಹಿಡಿಯದು;
ಜುಲೈ ತಿಂಗಳಲ್ಲಿ
ಯಾವ ಪೇಟೆಯ ಗೋಂದೂ ಅಮ್ಮತ್ತಿಯಲ್ಲಿ ಮಾತು ಉಳಿಸಿಕೊಂಡಿಲ್ಲ.
ದಾರ ಕಟ್ಟುವುದೆಂದಾಯಿತು, ನಾಲ್ಕು ಸುತ್ತು.
ತೂಕ, ದರ, ಲೈಸೆನ್ಸ್ ನಂಬರು, ಹಸಿರು ಚುಕ್ಕೆ.
ಹಾಲು ಒಡೆಸುವುದು ಅತ್ತಿಮರದ ಹಾಲಿನಿಂದ,
ಹಾಗಾಗಿ ಚುಕ್ಕೆ ಹಸಿರೇ, ಎರಡು ಸಲ ಕೇಳಿಕೊಂಡೆ.
ಎಲ್ಲ ಕೂತ ಮೇಲೂ ಕಾಗದ
ಬಾಗಿಲಿಡುವ ಮೊದಲೇ ನಂಬರು ಬರೆದ ಮನೆಯಂತಿತ್ತು.

ನೋಡಿ ಬರೋಣವೆಂದು ಹೋದೆ.
ಹಳೆಯ ಕಾಫಿ ಗೋದಾಮು. ತಲೆ ತಗ್ಗಿಸಿ ಒಳಗೆ.
ಟಾರ್ಚ್ ಹಿಡಿದು ಮುಂದೆ ನಡೆದವಳು ಬೊಳ್ಳಿ,
ಲೈನ್ ಮನೆಯಿಂದ ದಿನಾ ಬಂದು
ಒಂದೊಂದನ್ನೂ ಮಗ್ಗುಲು ಬದಲಿಸಿ ಮಲಗಿಸುವವಳು.
ಉಪ್ಪುನೀರಿಗೆ ಅವಳ ಬೆರಳ ತುದಿ ಸುಕ್ಕುಸುಕ್ಕು.
ಯಾವುದಕ್ಕೆ ಎಷ್ಟು ದಿನವಾಯಿತೆಂದು ಹೇಗೆ ಗೊತ್ತು?
ಬೆಳಕನ್ನು ಗೋಡೆಗೆ ತಿರುಗಿಸಿದಳು:

ಇದ್ದಿಲ ಗೆರೆ.
ಹಲಗೆಗೊಂದು ಸಾಲು, ಹೊರಳಿಸಿದ ದಿನಕ್ಕೊಂದು ಗೆರೆ,
ಕೆಲವು ನೆಟ್ಟಗೆ, ಕೆಲವು ಸೊಂಟನೋವಿನವು.
ಕಿಟಕಿಯ ಪಕ್ಕದ ಸಾಲಿನಲ್ಲಿ ಮಾತ್ರ
ನಡುವೆ ಒಂದು ಬೆರಳಗಲ ಬರಿ ಗೋಡೆ.

"ಅವತ್ತು?"
"ದಾರೀಲಿ ಒಂಟಿಸಲಗ. ಸಾಯಂಕಾಲ ಆದರೂ ಕದಲಲಿಲ್ಲ.
ನಾನೇ ಹಿಂದಕ್ಕೆ ಹೋದೆ."
ಆ ಸಾಲಿನ ಚೀಸು ಒಂದು ಕಡೆ ಚೂರು ಚಪ್ಪಟೆ.
ಕೈಯಿಟ್ಟು ತೋರಿಸಿದಳು, ದೂರು ಹೇಳುವಂತಲ್ಲ.

ಫೋಟೊ ತೆಗೆದೆ. ಆ ಸಾಲನ್ನೇ
ಕಾಗದದ ಸುತ್ತ ಅಂಚಾಗಿ ಓಡಿಸಿದೆ,
ಮೂವತ್ತೊಂಬತ್ತು ಗೆರೆ, ಕಾಫಿ ಗಸಿಯ ಬಣ್ಣದಲ್ಲಿ.
ಬಿಲ್ಲಿನಲ್ಲಿ ಹೊಸದೊಂದು ಸಾಲು ಬರೆದೆ:
ಅಂಚಿನ ಕೆಲಸ, ಬೊಳ್ಳಿ, ಎಂಟುನೂರು.
ದೇಚಕ್ಕ ಸ್ವಲ್ಪ ಹೊತ್ತು ನೋಡಿ ಸಹಿ ಹಾಕಿದರು.

ನಿನ್ನೆ ಮೈಸೂರಿನ ಪ್ರೆಸ್ಸಿನಿಂದ ಫೋನು:
"ಮೇಡಂ, ಬಾರ್ಡರಿನಲ್ಲಿ ಬಲಗಡೆ ಒಂದು ಗೆರೆ ಬಿಟ್ಟುಹೋಗಿದೆ,
ಪಕ್ಕದ್ದನ್ನೇ ಕಾಪಿ ಹೊಡೆದು ತುಂಬಿಸಲಾ?"

ಬೇಡ, ಅಂದೆ.
ಅಲ್ಲಿ ಆನೆ ನಿಂತಿದೆ.